ಸುಬೇದಾರರ ಹೆಗಲ ಮೇಲಿಟ್ಟ ಕೈ

ಶಕುನ, ಕಣಿ, ಮೈಮೇಲೆ ಬರುವುದು ಇವೆಲ್ಲ ಹೊಟ್ಟೆಪಾಡಿನ ಆಟ ಎಂದುಕೊಂಡು ಬೆಳೆದವನು ನಾನು. ಈಗಲೂ ಯಾರಾದರೂ ದೆವ್ವ ಕಂಡೆ ಎಂದರೆ, ಆಗ ಏನು ಕುಡಿದಿದ್ದೆ ಎಂದು ಮೊದಲು ಕೇಳುತ್ತೇನೆ. ಆದರೆ ಕೋಲಾರದ ಚಿನ್ನದ ಗಣಿಯಲ್ಲಿ ಪೊಲೀಸನಾಗಿದ್ದಾಗ ನನಗೇ ಒಂದು ಸಂಗತಿ ನಡೆಯಿತು. ಅದನ್ನು ಹೇಳಬೇಕಾದರೆ ಮುನಿಯಪ್ಪನ ವಿಷಯ ಎತ್ತಬೇಕು. ಅವನ ಹೆಸರೆತ್ತಿದರೆ ಇಷ್ಟು ವರ್ಷಗಳ ಮೇಲೂ ನನಗೆ ಹೊಟ್ಟೆ ಉರಿಯುತ್ತದೆ. ಓದುಗರು ಸ್ವಲ್ಪ ಸಹಿಸಿಕೊಳ್ಳಬೇಕು.

ಗಣಿ ಕಂಪನಿಯ ಕೈಯಿಂದ ಸರ್ಕಾರದ ಕೈಗೆ ಬಂದ ಹೊಸದು. ನಮ್ಮದು ಊರ ಠಾಣೆಯ ಪೊಲೀಸಲ್ಲ; ಚಿನ್ನದ ಕಾವಲಿಗೆಂದೇ ಕಟ್ಟಿದ್ದ, ಮಿಲಿಟರಿ ಕವಾಯತಿನ ವಿಶೇಷ ಪಡೆ. ಗಣಿಯ ಎಲ್ಲೆಯೊಳಗೆ ಯಾರನ್ನು ಬೇಕಾದರೂ ವಾರಂಟಿಲ್ಲದೆ ತಡೆಯಬಹುದಿತ್ತು, ಬಟ್ಟೆ ಬಿಚ್ಚಿಸಬಹುದಿತ್ತು, ಒಳಕೋಣೆಯಲ್ಲಿ ಕೂರಿಸಬಹುದಿತ್ತು. ಯಾಕೆ ಎಂದು ಕೇಳುವವರೇ ಇರಲಿಲ್ಲ. ಚಾಂಪಿಯನ್ ರೀಫ್ಸಿನಲ್ಲಿ ಪಾಳಿ ಮುಗಿಸಿ ಮೇಲೆ ಬಂದ ಕೂಲಿಗಳು ನಮ್ಮೆದುರು ಬಾಯಿ ತೆರೆದು, ನಾಲಿಗೆ ಎತ್ತಿ, ಜುಟ್ಟು ಬಿಚ್ಚಿ ತೋರಿಸಿ, ಬಚ್ಚಿಟ್ಟದ್ದಿದ್ದರೆ ಉದುರಲೆಂದು ಹಾಕಿದ್ದ ಮೊಣಕಾಲೆತ್ತರದ ಮರದ ಅಡ್ಡಪಟ್ಟಿಯೊಂದನ್ನು ದಾಟಿ ಹೋಗಬೇಕು. ಹೆಗಲ ಮೇಲೆ ನಮ್ಮ ಕೈ ಬಿದ್ದರೆ ಅವನು ಅಲ್ಲೇ ನಿಲ್ಲಬೇಕು. ಕೆಲಸ ಮುಗಿದ ಮೇಲೆ ನಾವೂ ಒಬ್ಬರನ್ನೊಬ್ಬರು ತಪಾಸಣೆ ಮಾಡಿಕೊಂಡು ಅದೇ ಪಟ್ಟಿ ದಾಟುತ್ತಿದ್ದೆವು. ನಮ್ಮ ಮೇಲಿನ ಅಧಿಕಾರಿ ಸುಬೇದಾರರನ್ನು ಮಾತ್ರ ಯಾರೂ ತಪಾಸಣೆ ಮಾಡುತ್ತಿರಲಿಲ್ಲ. ನಿಯಮದಲ್ಲಿ ‘ಯಾರೇ ಆಗಲಿ’ ಎಂದೇ ಇತ್ತು, ಆದರೆ ಆ ನಿಯಮವನ್ನು ನಮಗೆ ಓದಿ ಹೇಳುತ್ತಿದ್ದವರೇ ಸುಬೇದಾರರು.

ಮುನಿಯಪ್ಪನೂ ನಾನೂ ಬೇತಮಂಗಲದ ಕಡೆಯ ಒಂದೇ ಹಳ್ಳಿಯವರು, ಒಂದೇ ದಿನ ಪಡೆಗೆ ಸೇರಿದವರು. ಅವನು ಕೈಯಿಟ್ಟು ನಿಲ್ಲಿಸಿದವನ ಹತ್ತಿರ ಚಿನ್ನ ಸಿಕ್ಕೇ ಸಿಗುತ್ತಿತ್ತು: ಬೀಡಿಯೊಳಗೆ, ಗಾಯದ ಬಟ್ಟೆಯಡಿ, ಹಲ್ಲಿನ ಸಂದಿಯಲ್ಲಿ. ಚಿನ್ನ ಹತ್ತಿರವಿದ್ದರೆ ತನ್ನ ಅಂಗೈ ಸುಡುತ್ತದೆ ಎನ್ನುತ್ತಿದ್ದ. ಕೂಲಿ ಲೈನಿನ ಸಾಲುಮನೆಗಳ ತಮಿಳರು ಅವನಿಗೆ ‘ಸೂಡು ಕೈ’, ಅಂದರೆ ಬಿಸಿ ಕೈಯವನು, ಎಂದು ಹೆಸರಿಟ್ಟರು. ಅವನ ತೋಳಿಗೆ ಬಡ್ತಿಯ ಬಿಲ್ಲೆ ಬಂತು. ನನಗೆ ಗಣಿಯ ಧೂಳಿಗೆ ಕೆಮ್ಮು ಬಂತು. ಊರಿಗೆ ಹೋದರೆ ನಮ್ಮಮ್ಮನೇ, “ಮುನಿಯಪ್ಪಂಗೆ ಬಿಲ್ಲೆ ಕೊಟ್ಟವ್ರಂತೆ. ನೀನೇನ್ಲಾ ಮಾಡ್ತಿದ್ದೀಯ ಅಲ್ಲಿ?” ಎನ್ನುವಳು. ಅವನಾದರೂ ಕೆಟ್ಟವನಾಗಿದ್ದರೆ ಬೈದು ಹಗುರಾಗಬಹುದಿತ್ತು. ಆ ಪುಣ್ಯಾತ್ಮ ಒಳ್ಳೆಯವನು. ಕೈ ಸುಡುವುದೆಲ್ಲ ಬುರುಡೆ ಎಂದು ನಾಲ್ಕು ಜನರೆದುರು ನಗುತ್ತಿದ್ದೆ. ಒಬ್ಬನೇ ಇದ್ದಾಗ ನನ್ನ ಅಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದೆ.

ಒಂದು ಮಧ್ಯಾಹ್ನ ಚಿನ್ನ ಎಷ್ಟಿದೆಯೆಂಬ ಪರೀಕ್ಷೆಗೆಂದು ಗಣಿಯೊಳಗಿನಿಂದ ಕಳಿಸಿದ್ದ ಕಲ್ಲೊಂದು ಕಳೆಯಿತು. ನಿಂಬೆಹಣ್ಣಿನ ಗಾತ್ರದ್ದು, ಬರಿಗಣ್ಣಿಗೇ ಚಿನ್ನ ಕಾಣುವಂಥದ್ದು. ಪೆಟ್ಟಿಗೆ ಹೊತ್ತು ತಂದವನು ಪೆರುಮಾಳ್ ಎಂಬ ಕೂಲಿ. ತಮ್ಮ ಕೋಣೆಯಲ್ಲಿ ಅದನ್ನು ತೆರೆದು ನೋಡಿ ಅವನ ಕೈಯಲ್ಲೇ ಮುಂದೆ ಕಳಿಸಿದವರು ಸುಬೇದಾರರು. ಪರೀಕ್ಷೆಯ ಕಟ್ಟಡ ಮುಟ್ಟುವಾಗ ಪೆಟ್ಟಿಗೆಯಲ್ಲಿ ಕಲ್ಲಿರಲಿಲ್ಲ. ಪೆರುಮಾಳನ ಬಟ್ಟೆ ಬಿಚ್ಚಿಸಿದರೂ ಏನೂ ಸಿಗಲಿಲ್ಲ. ಎಲ್ಲೋ ಬಚ್ಚಿಟ್ಟಿದ್ದಾನೆ, ಬೆಳಗಾಗುವುದರೊಳಗೆ ಬಾಯಿ ಬಿಡಿಸುತ್ತೇನೆ ಎಂದು ಸುಬೇದಾರರು ಅವನನ್ನು ಒಳಕೋಣೆಗೆ ಹಾಕಿಸಿದರು. ಹಾಗೆ ಒಳಗೆ ಹೋದವರು ಹೇಗೆ ಹೊರಬರುತ್ತಿದ್ದರೆಂದು ನಮಗೆ ಗೊತ್ತಿತ್ತು. ಕೇಸಾದರೆ ಅವನ ಕೆಲಸವೂ ಹೋಗುತ್ತಿತ್ತು, ಇದ್ದ ಲೈನ್ ಮನೆಯೂ ಹೋಗುತ್ತಿತ್ತು. ಅವನ ಹೆಂಡತಿ ಗೇಟಿನ ಕಂಬಿ ಹಿಡಿದುಕೊಂಡು, “ಅವ್ರು ಕಳ್ರಲ್ಲ ಸಾಮಿ, ಒಂದ್ಸಲ ನೋಡಾಕೆ ಬುಡಿ ಸಾಮಿ” ಎನ್ನುತ್ತಲೇ ಇದ್ದಳು.

ಸಂಜೆ ಪಾಳಿ ಬದಲಾಗುವ ಹೊತ್ತು. ಸುಬೇದಾರರು ಮನೆಗೆ ಹೊರಟರು. ಅವರಿಗೆ ಕೋಟು ತೊಡಿಸುವುದು ಪಹರೆಯವನ ಕೆಲಸ, ಆ ದಿನ ನನ್ನದು. ಕೋಟು ಏರಿಸಿ ಹೆಗಲ ಹತ್ತಿರ ಸರಿಪಡಿಸಿದೆ ನೋಡಿ, ಒಲೆಯ ಮೇಲಿನ ಹೆಂಚು ಮುಟ್ಟಿದಂತೆ ಅಂಗೈ ಸುಟ್ಟಿತು. ಕೈ ಹಿಂದಕ್ಕೆ ತೆಗೆದುಕೊಂಡೆ. ಅವರಿಗೆ ಏನೂ ಆದಂತೆ ಕಾಣಲಿಲ್ಲ. ಧೂಳು ಕೊಡವುವ ನೆಪದಲ್ಲಿ ಮತ್ತೆ ಮುಟ್ಟಿದೆ. ಮತ್ತೆ ಸುಟ್ಟಿತು, ಉರಿ ಮೊಣಕೈಯವರೆಗೂ ಏರಿತು. ಅಂಗೈ ನೋಡಿಕೊಂಡರೆ ಬೊಬ್ಬೆಯಿಲ್ಲ, ಕೆಂಪೂ ಇಲ್ಲ.

ನನ್ನನ್ನು ಧೈರ್ಯವಂತನೆಂದು ತಿಳಿಯಬೇಡಿ. ಆ ಗಳಿಗೆಯಲ್ಲಿ ನನಗೆ ಪೆರುಮಾಳ್ ನೆನಪಾಗಲಿಲ್ಲ, ನ್ಯಾಯವೂ ನೆನಪಾಗಲಿಲ್ಲ. ಕೊನೆಗೂ ನನಗೂ ಬಂತು ಎನ್ನುವುದೊಂದೇ ತಲೆಯಲ್ಲಿತ್ತು. ಮುನಿಯಪ್ಪ ಎದುರಿಗೇ ಇದ್ದ, ಪಾಳಿ ಮುಗಿಸಿದವರೆಲ್ಲ ಸಾಲಿನಲ್ಲಿದ್ದರು. ಬಾಗಿಲ ಕಡೆ ನಡೆದಿದ್ದ ಸುಬೇದಾರರ ಹೆಗಲ ಮೇಲೆ ಕೈಯಿಟ್ಟು, “ನಿಲ್ಲಿ ಸಾರ್” ಎಂದುಬಿಟ್ಟೆ.

“ಯಾರ ಅಪ್ಪಣೆ?” ಎಂದರು ಅವರು.

“ಕೈ ಸುಡ್ತೈತೆ ಸಾರ್” ಎಂದೆ. ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಸುಬೇದಾರರು ಹೊಡೆಯಲು ಕೈಯೆತ್ತಿದರು. ಅಷ್ಟರಲ್ಲಿ ಮುನಿಯಪ್ಪ ಬಂದು ಅವರ ಇನ್ನೊಂದು ಹೆಗಲ ಮೇಲೆ ತನ್ನ ಕೈಯಿಟ್ಟ. “ನಂಗೂ ಸುಡ್ತೈತೆ ಸಾರ್. ಪಟ್ಟಿ ದಾಟಿ ಓಗಿ” ಎಂದ.

ಈ ಸಲ ಯಾರೂ ನಗಲಿಲ್ಲ. ಮನೆಗೆ ಹೋಗಬೇಕಾದ ಕೂಲಿಗಳು ಒಬ್ಬರೂ ಕದಲಲಿಲ್ಲ. ಸುಬೇದಾರರ ಮುಖ ಸಪ್ಪಗಾಯಿತು. ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಸ್ವಲ್ಪ ಹೊತ್ತಿಗೆ ಹೊರಬಂದು, ಕಲ್ಲು ಇಲ್ಲೇ, ಪೆಟ್ಟಿಗೆ ಇಟ್ಟು ತೆರೆದಿದ್ದ ಗೋಣಿಯಲ್ಲೇ ಸಿಕ್ಕಿತು, ಅವನನ್ನು ಬಿಡಿ ಎಂದರು. ಪೆರುಮಾಳ್ ತನ್ನ ಕಾಲಿನ ಮೇಲೆ ನಡೆದುಕೊಂಡು ಹೆಂಡತಿಯ ಜೊತೆ ಮನೆಗೆ ಹೋದ. ಸುಬೇದಾರರು ಪಟ್ಟಿ ದಾಟಲಿಲ್ಲ, ಅವರ ಕೋಟನ್ನು ಯಾರೂ ತಡವಿ ನೋಡಲಿಲ್ಲ. ಕಲ್ಲು ಅದರಲ್ಲಿತ್ತೋ ಇಲ್ಲವೋ ದೇವರಿಗೇ ಗೊತ್ತು.

ಅವರನ್ನು ಆಮೇಲೂ ಯಾರೂ ಪ್ರಶ್ನಿಸಲಿಲ್ಲ. ಮುನಿಯಪ್ಪನ ಬಿಲ್ಲೆ ಕಿತ್ತರು, ಕೆಲವು ದಿನ ಕಳೆದ ಮೇಲೆ ಕೆಲಸದಿಂದಲೇ ತೆಗೆದರು. ನನ್ನನ್ನು ಕರೆದು ಬೈಯಲೂ ಇಲ್ಲ. ಮುನಿಯಪ್ಪ ಹೇಳಿಕೊಟ್ಟಂತೆ ಕುಣಿದ ದಡ್ಡ ಎಂದು ತೀರ್ಮಾನಿಸಿದರಂತೆ. ಊರಿಗಾಂನಿಂದ ಚಾಂಪಿಯನ್ ರೀಫ್ಸಿನವರೆಗೆ ಲೈನ್ ಲೈನಿನಲ್ಲೂ ಸೂಡು ಕೈ ಮುನಿಯಪ್ಪ ಸುಬೇದಾರನನ್ನೇ ನಿಲ್ಲಿಸಿದ ಕಥೆ ಹಬ್ಬಿತು. ಮೊದಲು ಬಿದ್ದದ್ದು ನನ್ನ ಕೈ. ಅದನ್ನು ಒಬ್ಬರಾದರೂ ಹೇಳಬೇಕಲ್ಲ! ಹೊಗಳಿಕೆ ಹೋಗಲಿ, ಬೈಗುಳವೂ ಅವನ ಪಾಲಿಗೇ ಹೋಯಿತು.

ಮುಂದೆ ಒಮ್ಮೆ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಸಿಕ್ಕಿದ. ಅಲ್ಲಿನ ಮಂಡಿಯೊಂದರಲ್ಲಿ ಮೂಟೆ ಹೊರುತ್ತಿದ್ದ. ಟೀ ಕುಡಿಯುತ್ತಾ, ಅವತ್ತು ನಿನ್ನ ಕೈಯೂ ನನ್ನಷ್ಟೇ ಸುಟ್ಟಿತೇ ಎಂದು ಕೇಳಿದೆ.

“ನನ್ ಕೈ ಯಾವತ್ತೂ ಸುಟ್ಟಿಲ್ಲ ಕಣ್ಲಾ” ಎಂದು ನಕ್ಕ. “ಕದ್ದೋನು ಪಟ್ಟಿ ದಾಟೋವಾಗ ಉಸ್ರು ಇಡ್ಕೋತಾನೆ. ಅದನ್ನ ನೋಡ್ತಿದ್ದೆ. ಜನ ಎದರ್ಲಿ ಅಂತ ಆ ಮಾತು ಕಟ್ಟಿದ್ದೆ.”

“ಮತ್ತೆ ಅವತ್ತು?”

“ಅವತ್ತು ನಿನ್ ಮಕ ನೋಡ್ದೆ. ನೀನು ಸುಳ್ಳು ಏಳ್ತಿಲ್ಲ ಅನ್ನಿಸ್ತು. ಅಷ್ಟೆ.”

ಇಲ್ಲದ ಶಕ್ತಿಯೊಂದಕ್ಕೆ ನಾನು ಅಷ್ಟು ವರ್ಷ ಕರುಬಿದ್ದೆ. ಅದು ಇರಲೇ ಇಲ್ಲವೆಂದರೆ ನನ್ನ ಕೈಗೆ ಬಂದದ್ದು ಏನು? ಹೊಟ್ಟೆಯ ಕಿಚ್ಚೇ ಕೈಗೆ ಇಳಿದಿರಬೇಕು ಎಂದು ನನ್ನ ಹೆಂಡತಿ ಗೇಲಿ ಮಾಡುತ್ತಾಳೆ. ಅವಳ ತಾಳಿ ಮುಟ್ಟಿ ನೋಡಿದ್ದೇನೆ, ಅಕ್ಕಸಾಲಿಗನ ಅಂಗಡಿಯಲ್ಲಿ ಕೂತು ನೋಡಿದ್ದೇನೆ, ಮತ್ತೆಂದೂ ಸುಟ್ಟಿಲ್ಲ. ಯೋಚಿಸಿ ಯೋಚಿಸಿ ಸಾಕಾಗಿದೆ, ನನಗೆ ತಿಳಿಯದು. ಆದರೆ ಅಷ್ಟು ಉರಿ ಹತ್ತಿದ ಕೈಯನ್ನು ಯಾರು ಬೇಕಾದರೂ ಮುಂದೆ ಚಾಚಿಯಾರು. ಮುನಿಯಪ್ಪ ತಣ್ಣಗಿದ್ದ ಕೈಯನ್ನು ಒಯ್ದು ಆ ಹೆಗಲ ಮೇಲಿಟ್ಟನಲ್ಲ, ಅದನ್ನು ನೆನೆದಾಗ ಇಂದಿಗೂ ಅವನ ಮೇಲೆ ನನಗೆ ಹೊಟ್ಟೆಕಿಚ್ಚಾಗುತ್ತದೆ.