ಮೋಡಕ್ಕೆ ಹೋಗದ ಕೆಂಪು ಗೆರೆ

ನೀವು ಸತ್ತ ಮೇಲೆ ನಿಮ್ಮನ್ನು ಯಾವ ದಾರಿಯಲ್ಲಿ ಹೊತ್ತುಕೊಂಡು ಹೋಗುತ್ತಾರೆ ಅಂತ ಎಂದಾದರೂ ಯೋಚಿಸಿದ್ದೀರಾ? ಇಲ್ಲ ತಾನೇ? ನಾನು ಯೋಚಿಸಿದ್ದೇನೆ. ವಯಸ್ಸಾದವಳು, ಹೊತ್ತು ಹೋಗಬೇಕಲ್ಲ.

ನಮ್ಮಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ವಿಭೂತಿ ಹಚ್ಚಿ, ಬಿದಿರು, ಬಾಳೆಕಂದು, ಹೂವಿನಿಂದ ಕಟ್ಟಿದ ಮಂಟಪದೊಳಗೆ ಕೂರಿಸಿ ಮೆರೆಸಿಕೊಂಡು ಹೋಗುತ್ತಾರೆ. ಅದಕ್ಕೆ ವಿಮಾನ ಅನ್ನುತ್ತೇವೆ. ಕಡೂರು ಸ್ಟೇಷನ್ನಿನಿಂದ ಆಚೆಗೆ ರೈಲಿನಲ್ಲಿ ಹೋಗದವರಿಗೂ ಕೊನೆಗೆ ಒಂದು ವಿಮಾನವಂತೂ ಖಾತ್ರಿ. ಆದರೆ ವಿಮಾನಕ್ಕೆ ಅಗಲವಾದ ದಾರಿ ಬೇಕು. ಹೊಲದ ಬದುವಿನ ಮೇಲೆ ಅದು ಹೋಗಲಾರದು. ನಮ್ಮೂರಿನಿಂದ ರುದ್ರಭೂಮಿಗೆ ಅಂಥ ದಾರಿ ಇದ್ದದ್ದು ಒಂದೇ. ನನ್ನ ಅತ್ತೆ ಅದರಲ್ಲೇ ಹೋದರು, ನನ್ನ ಯಜಮಾನರೂ ಅದರಲ್ಲೇ ಹೋದರು. ಮುಂದಿನ ಸರದಿ ನನ್ನದು ಅಂತ ಕಾದಿದ್ದರೆ, ಈ ಸಲ ಸುಗ್ಗಿ ಮುಗಿದ ಮೇಲೆ ಆ ದಾರಿಗೆ ಅಡ್ಡಲಾಗಿ ಕಲ್ಲುಕಂಬ ನೆಟ್ಟು ತಂತಿ ಬಿಗಿದಿದ್ದಾರೆ.

ಬಿಗಿದವನು ಪಕ್ಕದ ಈರುಳ್ಳಿ ಹೊಲದವನು. ಅವನು ಹುಟ್ಟಿದಾಗ ಎಣ್ಣೆ ತಿಕ್ಕಿ ನೀರು ಹಾಕಿದ್ದು ಇದೇ ಕೈ. ಅವತ್ತೇ ಇನ್ನೊಂದು ಚೊಂಬು ಬಿಸಿನೀರು ಹೆಚ್ಚಿಗೆ ಹುಯ್ಯಬೇಕಿತ್ತು.

"ಏನಪ್ಪಾ, ಹೆಣ ಹೋಗೋ ದಾರಿಗೆ ಬೇಲಿ ಹಾಕಿದ್ದೀಯ?" ಅಂದೆ.

"ಯಾವ ದಾರಿ ಅಜ್ಜಿ? ನಕಾಸೆಯಾಗೆ ದಾರಿನೇ ಇಲ್ಲ. ನಾನು ಬರ್ದಿದ್ದಲ್ಲ, ಸರ್ಕಾರದ್ದು. ನೋಡಿಲ್ಲಿ," ಅಂತ ಫೋನು ನನ್ನ ಮೂಗಿಗೆ ಹಿಡಿದ.

ನೋಡಿದೆ. ನಮ್ಮೂರಿನ ಕೆರೆ ಇತ್ತು, ಚೌಕ ಚೌಕವಾಗಿ ಹೊಲಗಳಿದ್ದವು, ರುದ್ರಭೂಮಿಯೂ ಇತ್ತು. ಅಲ್ಲಿಗೆ ಹೋಗುವ ದಾರಿ ಮಾತ್ರ ಇರಲಿಲ್ಲ. ಸತ್ತವರು ತಾವೇ ನೆಗೆದು ಹೋಗಿ ಬೀಳಬೇಕು ಅನ್ನುವ ಹಾಗೆ.

"ಫೋನಾಗೆ ತೋರ್ಸೋದೆಲ್ಲ ದಾರಿ ಆಗಲ್ಲ ಕಣೋ. ಕಾಗದ ತಗೊಂಡ್ ಬಾ."

"ನೀನೇ ತಗೊಂಡ್ ಬಾ. ನಿಂದೇ ಅಲ್ವೇ ವಿಮಾನ?"

ಆ ದಾರಿ ನಕಾಶೆಯಲ್ಲಿ ಇತ್ತು. ಯಾರೋ ಹೇಳಿದ್ದಲ್ಲ, ನಾನೇ ಕಣ್ಣಾರೆ ಕಂಡದ್ದು. ಹಿಂದೆ ಇದೇ ದಾರಿಗೆ ಒಮ್ಮೆ ತಕರಾರು ಬಂದಾಗ ಸರ್ವೆಯವರು ಬಂದು ಅಳೆದು, ಕಚೇರಿಯ ನಕಾಶೆಯ ಮೇಲೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು ರುಜು ಹಾಕಿದ್ದರು. ಅದನ್ನು ನೋಡಲು ಯಜಮಾನರು ಹೊರಟಾಗ, ಪೇಟೆಯಲ್ಲಿ ಬಳೆ ಕೊಡಿಸುತ್ತಾರೆ ಅಂತ ನಾನೂ ಬೆನ್ನು ಹತ್ತಿದ್ದೆ. ಬಳೆ ಸಿಗಲಿಲ್ಲ. ಕೆಂಪು ಗೆರೆ ಸಿಕ್ಕಿತು.

ಹಾಗಾಗಿ ಮಾರನೇ ದಿನ ಬಸ್ಸು ಹತ್ತಿ ಕಚೇರಿಗೆ ಹೋದೆ. ಯಾವ ಕಚೇರಿ ಅಂತ ಹೇಳುವುದಿಲ್ಲ. ನನ್ನ ಕೆಲಸ ಇನ್ನೂ ಬಾಕಿ ಇದೆ.

ಅಲ್ಲಿನ ಗುಮಾಸ್ತ ಕಂಪ್ಯೂಟರಿನಲ್ಲಿ ಅದೇ ದಾರಿಯಿಲ್ಲದ ನಕಾಶೆಯನ್ನು ತೋರಿಸಿದ. ಹಳೆಯದು ತೋರಿಸು ಅಂದರೆ, "ಹಳೇದೆಲ್ಲ ಸ್ಕ್ಯಾನ್ ಆಗಿ ಕ್ಲೌಡಿಗೆ ಹೋಗೈತೆ ಅಜ್ಜಿ," ಅಂದ.

"ಎಲ್ಲೈತಪ್ಪಾ ಅದು?"

ಅವನು ಮೇಲಕ್ಕೆ ಬೆರಳು ತೋರಿಸಿದ. ಮೇಲೆ ನೋಡಿದೆ. ತಿರುಗದ ಒಂದು ಫ್ಯಾನಿತ್ತು.

ಕ್ಲೌಡ್ ಅಂದರೆ ಮಳೆ ಸುರಿಸುವ ಮೋಡ ಅಂದುಕೊಳ್ಳುವಷ್ಟು ದಡ್ಡಿಯಲ್ಲ ನಾನು. ತರೀಕೆರೆಯಲ್ಲಿರುವ ಮೊಮ್ಮಗಳು ನನಗೆ ಫೋನಿನಲ್ಲಿ ಕನ್ನಡ ಒತ್ತುವುದನ್ನು ಕಲಿಸುವಾಗಲೇ ಅದನ್ನೂ ಹೇಳಿಕೊಟ್ಟಿದ್ದಳು. "ಬೇರೆಯವರ ಕಂಪ್ಯೂಟರು ಕಣಜ್ಜಿ, ಎಲ್ಲೋ ದೂರದಲ್ಲಿರುತ್ತೆ. ನಮ್ಮದನ್ನ ಬಾಡಿಗೆಗೆ ಅಲ್ಲಿಡೋದು." ಹಾಗಿದ್ದರೆ ನೆಟ್ಟಗೆ ಬೇರೆಯವರ ಮನೆ ಅನ್ನಬಾರದೇ? ಬೇರೆಯವರ ಮನೆ ಅಂದರೆ ಬೀಗದ ಕೈ ಯಾರ ಹತ್ತಿರ ಅಂತ ಜನ ಕೇಳುತ್ತಾರೆ. ಮೋಡ ಅಂದರೆ ಕತ್ತೆತ್ತಿ ನೋಡಿ ಸುಮ್ಮನಾಗುತ್ತಾರೆ.

ಬೇರೆಯವರ ಮನೆಯಲ್ಲಿ ಇಡುವುದೇ ತಪ್ಪು ಅನ್ನುತ್ತಿಲ್ಲ. ನನ್ನ ತವರು ಚೌಳಹಿರಿಯೂರಿನ ಕಡೆ. ನಮ್ಮಪ್ಪ ಬಿತ್ತನೆ ರಾಗಿಯಲ್ಲಿ ಒಂದು ಪಾಲನ್ನು ಪ್ರತಿ ವರ್ಷ ಸೋದರತ್ತೆಯ ಮನೆಯಲ್ಲಿ ಇಟ್ಟು ಬರುತ್ತಿದ್ದರು. ನಮ್ಮ ಮನೆಗೆ ಬೆಂಕಿ ಬಿದ್ದರೆ, ಇಲಿ ಹೊಕ್ಕರೆ ಅದಾದರೂ ಇರಲಿ ಅಂತ. ಆದರೆ ಅಲ್ಲಿಟ್ಟಿದ್ದೇವಲ್ಲ ಅಂತ ಮನೆಯ ಬೀಜವನ್ನು ಬೀಸಿ ಮುದ್ದೆ ಮಾಡಿ ತಿಂದವರನ್ನು ನಾನು ಕಾಣೆ.

ನಾನು ಕುರ್ಚಿ ಬಿಟ್ಟು ಏಳುವುದಿಲ್ಲ ಅಂತ ಖಾತ್ರಿಯಾದ ಮೇಲೆ ಗುಮಾಸ್ತ, ಕಿಟಕಿಯ ಹತ್ತಿರ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದ ಒಬ್ಬ ಹೆಣ್ಣುಮಗಳ ಕಡೆಗೆ ನನ್ನನ್ನು ದಾಟಿಸಿದ. "ಆ ಮೇಡಮ್ಮನ್ನ ಕೇಳಿ. ಕ್ಲೌಡಿಂದ ಏನೇನು ಅಪಾಯ ಐತೆ ಅಂತ ನೋಡೋಕೇ ಮೇಲಿಂದ ಬಂದವ್ರೆ."

ಆಕೆಯ ಪಕ್ಕ ಹೋಗಿ ಕೂತೆ. "ಏನೇನು ಅಪಾಯ ಸಿಕ್ತವ್ವಾ?"

ಆಕೆಗೆ ರೇಗಿರಬೇಕು. ಆದರೂ ಮರ್ಯಾದೆಯವಳು, ಹೇಳಿದಳು. ಕಳ್ಳರು ಒಳಗೆ ನುಗ್ಗಬಹುದು. ಒಳಗಿನವರೇ ತಿದ್ದಬಹುದು. ಇಟ್ಟುಕೊಂಡ ಕಂಪನಿ ಬಾಗಿಲು ಹಾಕಬಹುದು. ಜನ ಸಾಲಿನಲ್ಲಿ ನಿಂತಾಗಲೇ ಸರ್ವರ್ ಕೈಕೊಡಬಹುದು.

"ಒಳ್ಳೇ ಪಟ್ಟಿ," ಅಂದೆ. ನಿಜವಾಗಿ ಒಳ್ಳೆಯದೇ. "ಆದ್ರೆ ಇವೆಲ್ಲ ಅಲ್ಲಿಗೆ ಹೋದ್ಮೇಲಿನ ಅಪಾಯ. ಹೋಗೋವಾಗಲೇ ಬಿದ್ದೋಗಿದ್ದನ್ನ ಎಲ್ಲಿ ಬರ್ಕೊಂಡಿದ್ದೀಯ?"

"ಏನು ಬಿದ್ದೋಯ್ತು ಅಜ್ಜಿ?"

"ನನ್ ದಾರಿ."

ಆಕೆ ನಕಾಶೆಯ ಸ್ಕ್ಯಾನ್ ತೆಗೆದು ದೊಡ್ಡದು ಮಾಡಿದಳು. ಇನ್ನೂ ದೊಡ್ಡದು ಮಾಡಿದಳು. ಎಲ್ಲವೂ ಕಪ್ಪು, ಬಿಳುಪು. ದಾರಿ ಇರಬೇಕಾದ ಕಡೆ ಬರೀ ಬಿಳಿ.

"ಯಾವ ಬಣ್ಣದಲ್ಲಿ ಎಳೆದಿದ್ರು?"

"ಕೆಂಪು."

ಆಕೆ ಮೌಸ್ ಬಿಟ್ಟು ಗುಮಾಸ್ತನ ಕಡೆ ತಿರುಗಿದಳು. "ಇದರ ಮೂಲ ಎಲ್ಲಿದೆ?"

"ಹಿಂದಿನ ರೂಮಲ್ಲಿ ಐತೆ ಮೇಡಂ. ವಿಲೇವಾರಿಗೆ ಅಂತ ಕಟ್ಟಿಟ್ಟಿದ್ದೀವಿ. ಹೆಂಗೂ ಸ್ಕ್ಯಾನ್ ಆಗೈತಲ್ಲ."

"ವಿಲೇವಾರಿ ಅಂದ್ರೆ?" ಅಂತ ನಾನು ಕೇಳಿದೆ.

"ರದ್ದಿಗೆ ಅಜ್ಜಿ."

ಆಗ ನನ್ನ ಬಾಯಿಂದ ಬಂದ ಮಾತನ್ನು ಇಲ್ಲಿ ಬರೆಯೋಣ ಅಂತ ನೋಡಿದೆ. ಈ ಫೋನು ಅದನ್ನು ತಾನೇ ತಿದ್ದಿ ಏನೋ ದೇವರ ಹೆಸರು ಮಾಡುತ್ತಿದೆ. ಇರಲಿ. ಯಾರೋ ಬಿಸಿಲಲ್ಲಿ ನಿಂತು ಅಳೆದ ದಾರಿ, ಊರಿನವರೆಲ್ಲ ಸಾಕ್ಷಿ ನಿಂತು ಉಳಿಸಿಕೊಂಡ ದಾರಿ! ಅದರ ಬಣ್ಣ ಬಂತೋ ಇಲ್ಲವೋ ಅಂತ ಒಬ್ಬರೂ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಲಿಲ್ಲ. ಅಕ್ಕಿ ಅಂಗಡಿಯಲ್ಲಿ ಕೂಡ ಚೀಲ ಬಿಚ್ಚಿ ಒಂದು ಹಿಡಿ ನೋಡಿ ತರುತ್ತೇವೆ.

ಮೇಡಂ ತನ್ನಿ ಅಂದ ಮೇಲೆ ಗುಮಾಸ್ತ ಕಟ್ಟು ಹುಡುಕಿ ತಂದ. ನಕಾಶೆಯನ್ನು ಮೇಜಿನ ಮೇಲೆ ಹಾಸಿ ನಾಲ್ಕು ಮೂಲೆಗೆ ಭಾರ ಇಟ್ಟರು. ಕೆಂಪು ಮಾಸಿ ಮಾಸಿ ಇಟ್ಟಿಗೆ ಪುಡಿಯ ಬಣ್ಣಕ್ಕೆ ತಿರುಗಿತ್ತು. ಆದರೆ ಗೆರೆ ಇತ್ತು. ಊರ ಬಾಗಿಲಿನಿಂದ ಹೊರಟು, ಈರುಳ್ಳಿ ಹೊಲದವನ ಈಗಿನ ಕಲ್ಲುಕಂಬಗಳನ್ನು ಹಾದು, ಯಜಮಾನರು ಇರುವಲ್ಲಿಗೆ ಹೋಗಿ ಮುಟ್ಟಿತ್ತು. ನಾನು ಅದನ್ನು ಬೆರಳಿನಿಂದ ಮುಟ್ಟಲು ಹೋದೆ. ಮೇಡಂ ನನ್ನ ಕೈ ಹಿಡಿದುಕೊಂಡಳು. ಶಾಯಿ ಉದುರೀತು ಅಂತ.

ಆಮೇಲೆ ತನ್ನ ಪಟ್ಟಿಯಲ್ಲಿ ಏನೋ ಬರೆದಳು. "ಕಟ್ಟು ಎಲ್ಲಿಗೂ ಹೋಗಬಾರದು, ಎಲ್ಲವನ್ನೂ ಬಣ್ಣದಲ್ಲಿ ಮತ್ತೆ ಸ್ಕ್ಯಾನ್ ಮಾಡಿ ಮೂಲದ ಜೊತೆ ಹೋಲಿಸಬೇಕು ಅಂತ ವರದಿ ಕೊಡ್ತೀನಿ ಅಜ್ಜಿ."

"ವರದೀನ ಯಾವಾಗ ಓದ್ತಾರೆ?"

"ಅದು ನನ್ನ ಕೈಲಿಲ್ಲ."

"ಹಂಗಾರೆ ಇದರದೊಂದು ನಕಲು ಕೊಡಪ್ಪಾ," ಅಂತ ಗುಮಾಸ್ತನ ಕಡೆ ತಿರುಗಿದೆ.

"ನಕಲು ಸಿಸ್ಟಮ್ಮಿಂದಾನೇ ಕೊಡ್ಬೇಕು ಅಜ್ಜಿ. ಕೈಯಾಗೆ ಬರ್ದು ಕೊಡೋ ಹಂಗಿಲ್ಲ. ಸೀಲು ಅದ್ರಾಗೇ ಬರೋದು."

"ಸಿಸ್ಟಮ್ಮಿನಾಗೆ ದಾರಿ ಇಲ್ವಲ್ಲೋ!"

"ದಾರಿ ಇಲ್ಲ ಅಂತಾನೇ ನಕಲು ಬತ್ತದೆ."

ದಾರಿ ಎದುರಿಗೇ ಮೇಜಿನ ಮೇಲೆ ಬಿದ್ದುಕೊಂಡಿತ್ತು. ಅದನ್ನು ನೋಡುತ್ತಲೇ ಅವನು ಈ ಮಾತು ಹೇಳಿದ. ಅವನ ಮೇಲೆ ಸಿಟ್ಟು ಬಂದು ಏನು ಮಾಡಲಿ, ಅವನೂ ಆ ಯಂತ್ರದ ಜೀತದಾಳು.

"ನನ್ ದಾರೀನ ಮೋಡಕ್ಕೆ ಕಳ್ಸಿ ಕಳ್ಕೊಂಡ್ರಿ. ಇನ್ನು ನನ್ ವಿಮಾನಾನೂ ಅಲ್ಲೇ ಹಾರಿಸ್ತೀರಾ?" ಅಂತ ಕಿರುಚಿದೆ. ಸಾಲಿನಲ್ಲಿದ್ದವರು ನಕ್ಕರು. ನಗಲಿ, ಅವರವರ ನಕಲು ಅವರವರ ಕೈಗೆ ಬಂದಾಗ ತಿಳಿಯುತ್ತದೆ. ಮೇಡಂ ಮಾತ್ರ ನಗಲಿಲ್ಲ.

ಕೊನೆಗೆ ನಾನೇ ಫೋನು ತೆಗೆದು ನಕಾಶೆಯ ಫೋಟೋ ಹಿಡಿದೆ. ಮೊದಲನೆಯದರಲ್ಲಿ ನನ್ನ ಹೆಬ್ಬೆರಳು ಬಂತು. ಎರಡನೆಯದರಲ್ಲಿ ದಾರಿ ಬಂತು, ಕೆಂಪಗೆ, ಸ್ಪಷ್ಟವಾಗಿ. ಅಷ್ಟು ದೊಡ್ಡ ಸ್ಕ್ಯಾನಿಗೆ ಕಾಣದ್ದು ನನ್ನ ಪುಟ್ಟ ಫೋನಿಗೆ ಕಂಡಿತು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದನ್ನೇ ನೋಡಿಕೊಂಡು ಬಂದೆ. ಮನೆಗೂ ಹೋಗದೆ ನೇರವಾಗಿ ಬೇಲಿಯ ಹತ್ತಿರ ಹೋದೆ. ಅವನು ಈರುಳ್ಳಿಗೆ ನೀರು ಹಾಯಿಸುತ್ತಿದ್ದ.

"ಬಾರೋ ಇಲ್ಲಿ, ನೋಡು! ಈ ಕೆಂಪು ಗೆರೆ ನೋಡು! ಬಿಚ್ಚು ತಂತೀನ!" ಅಂತ ಫೋನನ್ನು ಅವನ ಮೂಗಿಗೆ ಹಿಡಿದೆ.

ಅವನು ಕೈ ಒರೆಸಿಕೊಂಡು ಫೋನು ಇಸಿದುಕೊಂಡ. ಹಿಂದೆ ಮುಂದೆ ಸರಿಸಿ ಚೆನ್ನಾಗಿಯೇ ನೋಡಿದ. ಆಮೇಲೆ ತಂತಿಯ ಮೇಲಿಂದ ನನ್ನ ಕೈಗೆ ವಾಪಸ್ಸು ಕೊಟ್ಟ.

"ಫೋನಾಗೆ ತೋರ್ಸೋದೆಲ್ಲ ದಾರಿ ಆಗಲ್ಲ ಅಂದೋಳು ನೀನೇ ಅಲ್ವೇನಜ್ಜಿ? ಕಾಗದ ತಗೊಂಡ್ ಬಾ, ಬಿಚ್ತೀನಿ. ಅಲ್ಲೀಗಂಟ ಸಾಯ್ಬೇಡ."