ಗಫಾರ್ ಸಾಬರು ನನ್ನ ಕೈ ಪರೀಕ್ಷಿಸಿದ್ದು

ಗಫಾರ್ ಸಾಬರು ತಾವು ರಿಪೇರಿ ಮಾಡುತ್ತಿದ್ದ ಗಾಡಿಯ ಕಡೆ ಎಂದೂ ನೋಡುತ್ತಿರಲಿಲ್ಲ. ಮುಖ ರಸ್ತೆಯ ಕಡೆಗಿರುತ್ತಿತ್ತು, ಇಲ್ಲವೇ ಎದುರಿನ ಹೋಟೆಲಿನ ಹೆಂಚಿನ ಕಡೆಗೆ. ಕತ್ತು ಒಂದಿಷ್ಟು ವಾಲಿರುತ್ತಿತ್ತು. ಕೈಗಳು ಮಾತ್ರ ಇಂಜಿನ್ನಿನ ಸಂದಿಗೊಂದಿಗಳಲ್ಲಿ ತಮ್ಮ ಪಾಡಿಗೆ ತಾವು ಓಡಾಡುತ್ತಿದ್ದವು. ಮದ್ದೂರಿನವರಿಗೆ ಇದೊಂದು ದೊಡ್ಡ ಹೆಮ್ಮೆ. “ನಮ್ ಗಪಾರಣ್ಣ ಗಾಡಿ ಕಡೆ ತಿರುಗೂ ನೋಡಾಕಿಲ್ಲ, ಅಂಗೇ ಸರಿ ಮಾಡ್ತನೆ” ಎಂದು ಹೋಟೆಲಿನವರು ಬಂದವರಿಗೆಲ್ಲ ಹೇಳುತ್ತಿದ್ದರು. ನಾನೂ ಒಂದೂವರೆ ವರ್ಷ ಅದನ್ನೇ ನಂಬಿದ್ದೆ. ಹಾಗೆ ನಂಬಿದವನು ಡಾಕ್ಟರು, ಅದೂ ಕಣ್ಣಿನ ಕೆಲಸ ಕಲಿತ ಡಾಕ್ಟರು ಎಂಬುದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಯುದ್ಧ ಶುರುವಾಗುವ ಮುಂಚಿನ ವರ್ಷ ನನ್ನನ್ನು ಮಳವಳ್ಳಿ ಆಸ್ಪತ್ರೆಗೆ ಹಾಕಿದ್ದರು. ಹಲಗೂರು, ಮದ್ದೂರು ಅಂತ ಸುತ್ತುವುದಕ್ಕೆ ಇರಲಿ ಎಂದು, ದೇಶ ಬಿಟ್ಟು ಹೊರಟಿದ್ದ ಒಬ್ಬ ಇಂಗ್ಲಿಷ್ ದೊರೆಯಿಂದ ಹಳೆಯದೊಂದು ಮೋಟಾರ್ ಸೈಕಲ್ಲು ಕೊಂಡೆ. ಅದು ದೊರೆಯ ಸ್ವಭಾವವನ್ನು ಪೂರ್ತಿ ಬಿಟ್ಟುಕೊಟ್ಟಿರಲಿಲ್ಲ. ಕಿಕ್ ಹೊಡೆದರೆ ತಿರುಗಿ ನನಗೇ ಒದೆಯುತ್ತಿತ್ತು. ದಿಣ್ಣೆ ಹತ್ತುವಾಗ ಒಳಗೆ ಯಾರೋ ಸುತ್ತಿಗೆ ಹಿಡಿದು ಕೂತಂತೆ ಟಣಟಣ ಎನ್ನುತ್ತಿತ್ತು. ಹಲಗೂರಿನ ಹುಡುಗರು ಅದಕ್ಕೆ ‘ಡಾಕ್ಟ್ರ ಪಟಾಕಿ’ ಎಂದು ಹೆಸರಿಟ್ಟಿದ್ದರು. ಇದಕ್ಕೆ ಮದ್ದು ಇರುವುದು ಒಂದೇ ಕಡೆ, ಮದ್ದೂರಿನ ಶಿಂಷಾ ಸೇತುವೆಯ ಈಚೆಗೆ ಗಫಾರ್ ಸಾಬರ ತಗಡಿನ ಶೆಡ್ಡಿನಲ್ಲಿ, ಎಂದು ನಮ್ಮ ಕಾಂಪೌಂಡರು ಹೇಳಿದ.

ಮೊದಲ ಸಲ ಹೋದಾಗ ನಾನು ಗಾಡಿ ನಿಲ್ಲಿಸುವ ಮೊದಲೇ ಅವರು, “ಕಿಡಿ ಮುಂದಾಗ್ಯದೆ, ಆಫ್ ಮಾಡಿ, ಪಾಪ ಬಡಕತಾ ಅದೆ” ಎಂದರು. ಆಮೇಲೆ ನನಗೆ ಕಿಡಿಯ ಸಂಗತಿ ತಿಳಿಸಿದರು. ಪಿಸ್ಟನ್ನು ಪೆಟ್ರೋಲಿನ ಆವಿಯನ್ನು ಒತ್ತಿಕೊಂಡು ಮೇಲಕ್ಕೆ ಬರುತ್ತದೆ. ಅದು ತುದಿ ಮುಟ್ಟುವುದಕ್ಕೆ ಕೂದಲೆಳೆಯಷ್ಟು ಮುಂಚೆ ಕಿಡಿ ಹಾರಬೇಕು.

“ನಿಮ್ ಮನೇಲಿ ಇಬ್ರು ಎಂಗುಸ್ರು ಒಂದೇ ಒರಳಲ್ಲಿ ಬತ್ತ ಕುಟ್ಟಾದ್ ನೋಡಿಲ್ವಾ? ಒಬ್ಳು ಎತ್ತುವಾಗ ಇನ್ನೊಬ್ಳು ಆಕ್ಬೇಕು. ಮುಂಚೆ ಆಕುದ್ರೆ ಒನಕೆಗೆ ಒನಕೆ ಬಡೀತದೆ. ತಡ ಮಾಡುದ್ರೆ ತೋಳು ನೋಯ್ತದೆ, ಬತ್ತ ಅಂಗೇ ಇರ್ತದೆ. ಇಷ್ಟೇ ಕಣೇಳಿ ಇಂಜಿನ್ನು ಅಂದ್ರೆ.”

ಆ ಹೊತ್ತನ್ನು ಅವರು ಹಿಡಿಯುತ್ತಿದ್ದ ರೀತಿ ಹೀಗೆ. ಪ್ಲಗ್ಗು ಬಿಚ್ಚಿದ ತೂತಿನೊಳಕ್ಕೆ ಸೈಕಲ್ಲಿನ ಒಂದು ಕಡ್ಡಿಯನ್ನು ಇಳಿಸಿ ಪಿಸ್ಟನ್ನಿನ ಮೇಲೆ ಕೂರಿಸುವರು. ಕಡ್ಡಿಗೆ ಅರದಲ್ಲಿ ಉಜ್ಜಿದ ಗೀರುಗಳಿದ್ದವು. ಎಷ್ಟು ಇಳಿದಿದೆ ಎಂದು ಹೆಬ್ಬೆರಳಿನ ಉಗುರಿಗೆ ಗೊತ್ತಾಗುತ್ತಿತ್ತು. ಕಿಡಿ ಹುಟ್ಟಿಸುವ ಮ್ಯಾಗ್ನೆಟೊ ಡಬ್ಬಿಯಲ್ಲಿ ಎರಡು ಪುಟ್ಟ ಲೋಹದ ಮೊಳೆಗಳು ಒಂದಕ್ಕೊಂದು ತಾಗಿಕೊಂಡಿರುತ್ತವೆ. ಅವು ಬಿಟ್ಟುಕೊಂಡ ಕ್ಷಣವೇ ಕಿಡಿಯ ಕ್ಷಣ. ಸಾಬರು ಅವುಗಳ ನಡುವೆ ಸಿಗರೇಟು ಸುತ್ತುವ ತೆಳು ಕಾಗದದ ಚೂರು ಸಿಕ್ಕಿಸಿ, ಎರಡು ಬೆರಳಲ್ಲಿ ಹಗುರಾಗಿ ಹಿಡಿದು, ಇನ್ನೊಂದು ಕೈಯಲ್ಲಿ ಹಿಂದಿನ ಚಕ್ರವನ್ನು ಎಳ್ಳಷ್ಟೆಳ್ಳಷ್ಟೇ ತಿರುಗಿಸುವರು. ಕಾಗದ ಜಾರಿ ಕೈಗೆ ಬಂದರೆ, “ಬಂತು” ಎನ್ನುವರು. ಆ ಹೊತ್ತಿಗೆ ಕಡ್ಡಿ ತನ್ನ ಗೀರಿನವರೆಗೆ ಇಳಿದಿರಬೇಕು, ಅಷ್ಟೆ. ಪೆಟ್ರೋಲಿಗೆ ಒಂದು ಗೀರು. ಯುದ್ಧ ಬಂದು ಪೆಟ್ರೋಲಿಗೆ ಕೂಪನ್ನಾಗಿ ಜನ ಸೀಮೆಎಣ್ಣೆ ಬೆರೆಸತೊಡಗಿದ ಮೇಲೆ ಅದಕ್ಕೊಂದು ಬೇರೆ ಗೀರು. ಆ ಮೊದಲ ದಿನದ ಸಂಜೆ ನನ್ನ ಗಾಡಿ ಮಳವಳ್ಳಿಯವರೆಗೂ ಕೆಮ್ಮದೆ ಬಂತು. ನಾನು ಅವರ ಭಕ್ತನಾದೆ.

ಒಂದು ದಿನ ಮಧ್ಯಾಹ್ನ ಬಸ್ಸಿನಲ್ಲಿ ಮದ್ದೂರಿಗೆ ಹೋಗಿದ್ದವನು ಶೆಡ್ಡಿಗೆ ಹೊಕ್ಕೆ. ಅವರು ಕೆಲಸದಲ್ಲಿದ್ದರು, ತೊಂದರೆ ಕೊಡುವುದೇಕೆ ಎಂದು ಸುಮ್ಮನೆ ಎದುರಿಗೆ ನಿಂತೆ. ಅವರು ಮುಖ ಎತ್ತಿ ನನ್ನ ಕಡೆಗೇ ತಿರುಗಿಸಿ, “ಯಾರಪ್ಪಾ ಅದು? ಯಾವ್ ಗಾಡಿ?” ಎಂದರು. ಹಾಡಹಗಲು, ಎರಡು ಮಾರು ದೂರ. ಇಷ್ಟು ದಿನ ಅವರು ಗುರುತಿಸುತ್ತಿದ್ದದ್ದು ನನ್ನನ್ನಲ್ಲ, ನನ್ನ ಇಂಜಿನ್ನನ್ನು. ಬಗ್ಗಿ ನೋಡಿದೆ. ಬಲಗಣ್ಣಿನ ಪಾಪೆ ಗಟ್ಟಿ ಮೊಸರಿನ ಬಿಳುಪು. ಎಡಗಣ್ಣಿನಲ್ಲಿ ಮಂಜು ಕವಿಯುತ್ತಿತ್ತು.

“ಸಾಬ್ರೇ, ಎಷ್ಟು ದಿನದಿಂದ ಹೀಗೆ?” ಎಂದೆ.

ಅವರ ಕೈ ನಿಂತಿತು. ಆ ಕೈ ಕೆಲಸದ ನಡುವೆ ನಿಂತದ್ದನ್ನು ನಾನು ಕಂಡದ್ದು ಅದೇ ಮೊದಲು. “ಡಾಕ್ಟ್ರಾ? ಗಾಡಿ ತರ್ದೆ ಬಂದು ಮೋಸ ಮಾಡ್ಬುಟ್ರಲ್ಲಾ” ಎಂದರು. ಆಮೇಲೆ ದನಿ ತಗ್ಗಿಸಿ, “ಯಾರ್ಗೂ ಯೋಳ್ಬ್ಯಾಡಿ. ಕುಲ್ಡನ ಕೈಗೆ ಯಾರ್ ಗಾಡಿ ಕೊಟ್ಟಾರು?” ಎಂದರು.

ಪೊರೆ ತೆಗೆದರೆ ಕಾಣುತ್ತದೆ, ಬಿಟ್ಟರೆ ಎಡಗಣ್ಣೂ ಹೋಗಿ ರಸ್ತೆ ದಾಟುವುದಕ್ಕೂ ಒಬ್ಬರು ಕೈ ಹಿಡಿಯಬೇಕಾಗುತ್ತದೆ ಎಂದು ನಾನು ಹೇಳಿದೆ. ಅವರು ತಲೆ ಕೊಡವಿದರು.

“ನಮ್ ಬಾವನೂ ಇಂಗೇ ಕಾಣ್ತದೆ ಅಂತ ಓದ. ಆತಗೂರ್ಗೆ ಪೊರೆ ಕೀಳೋನೊಬ್ಬ ಬಂದಿದ್ದ, ಊರೂರ್ ತಿರುಗೋನು. ಸೂಜಿ ಆಕ್ದ. ಮೂರ್ ದಿನ ಕಂಡ್ತು. ನಾಕ್ನೇ ದಿನ ಕೀವು. ಈಗ ಪೊರೆನೂ ಇಲ್ಲ, ಕಣ್ಣೂ ಇಲ್ಲ.”

“ಅವನು ಅಲೆಮಾರಿ. ನಾನು ಬೆಂಗಳೂರಲ್ಲಿ ಕಲಿತು ಸರ್ಟಿಫಿಕೇಟು ತಂದವನು.”

“ಸರ್ಟಿಪಿಕೇಟು ಇರ್ಲಿ ಬುಡಿ. ಈ ರೋಡಲ್ಲಿ ಅಳ್ಳಕ್ ಬಿದ್ದ ಡ್ರೈವರ್ಗೆಲ್ಲ ಸರ್ಟಿಪಿಕೇಟು ಇತ್ತು. ಕೈ ಎಂಗದೆ ಅಂತ ನಾನ್ ನೋಡ್ಬೇಕಲ್ಲ? ಒಂದ್ ಕೆಲ್ಸ ಮಾಡಿ. ನಿಮ್ ಗಾಡಿ ಕಿಡಿ ಟೈಮು ನೀವೇ ಇಡಿ, ನನ್ನೆದುರ್ಗೆ. ಸರಿಯಾಗಿ ಇಟ್ರೆ ಕಣ್ಣು ಕೊಡ್ತೀನಿ.”

ನನಗೆ ಒಳಗೊಳಗೇ ನಗು ಬಂತು. ಮನುಷ್ಯನ ಕಣ್ಣು ಬಿಚ್ಚಿದವನಿಗೆ ಕಬ್ಬಿಣದ ಡಬ್ಬಿ ಯಾವ ಲೆಕ್ಕ? ಗಾಡಿಯ ಜೊತೆ ಬಂದ ಪುಸ್ತಕವನ್ನು ಎರಡು ಸಲ ಓದಿ ಭಾನುವಾರ ಬೆಳಿಗ್ಗೆ ಹೋದೆ. ಸುದ್ದಿ ಹೇಗೋ ಹಬ್ಬಿ ಹೋಟೆಲಿನ ಬೆಂಚು ತುಂಬಿತ್ತು. ಯಾಕೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಡಾಕ್ಟರು ಮೈಗೆಲ್ಲ ಗ್ರೀಸು ಮಾಡಿಕೊಳ್ಳುವುದನ್ನು ನೋಡಲು ಕಾರಣ ಬೇಕೇ? ಕಡ್ಡಿ ಇಳಿಸಿದೆ, ಗೀರು ನೋಡಿದೆ, ಕಾಗದ ಎಳೆದೆ, ನಟ್ಟು ಬಿಗಿದೆ. ಜಂಬದಿಂದ ಕಿಕ್ ಹೊಡೆದೆ. ಏನೂ ಇಲ್ಲ. ಇನ್ನೊಂದು ಹೊಡೆದೆ. ಹಿಂದಿನ ಕೊಳವೆಯಿಂದ, ಜಾತ್ರೆಯಲ್ಲಿ ಮದ್ದು ತುಂಬಿ ಹಾರಿಸುವ ಕದನಿ ಸಿಡಿದಂಥ ಸದ್ದು ಬಂತು. ರಸ್ತೆಯಲ್ಲಿ ಮಂಡ್ಯದ ಕಾರ್ಖಾನೆಗೆ ಕಬ್ಬು ಹೊತ್ತು ಹೋಗುತ್ತಿದ್ದ ಗಾಡಿಯ ಎತ್ತುಗಳು ಬೆದರಿ ಓಡಿದವು, ಕಬ್ಬಿನ ಜಲ್ಲೆಗಳು ದಾರಿಯುದ್ದಕ್ಕೂ ಉದುರಿದವು. ಬೆಂಚಿನವರು ಎದ್ದು ಹೋಗಿ ಒಂದೊಂದು ಜಲ್ಲೆ ತಂದು ಮುರಿದು ಅಗಿಯುತ್ತ ಮತ್ತೆ ಕೂತರು. ಗಾಡಿಯವನು ದೂರದಿಂದಲೇ, “ಯಾವನ್ಲಾ ಅವ್ನು, ಮದ್ದು ಆರ್ಸಾನು!” ಎಂದು ಕೂಗಿದ.

ಸಾಬರು ಟೋಪಿ ಬೀಳುವ ಹಾಗೆ ನಕ್ಕರು. “ಪಿಸ್ಟನ್ನು ಎರಡ್ ಸಲ ಮ್ಯಾಲಕ್ ಬತ್ತದೆ ಡಾಕ್ಟ್ರೇ. ಒಂದ್ ಸಲ ಕೆಲ್ಸಕ್ಕೆ, ಇನ್ನೊಂದ್ ಸಲ ಒಗೆ ಊದಾಕೆ. ನೀವು ಒಗೆ ಊದಾಕ್ ಬಂದೋನ್ನ ಇಡ್ಕಂಡು ದುಡಿ ಅಂದ್ರಿ! ತೂತಿನ ಮ್ಯಾಲೆ ಬೆಟ್ಟು ಇಡ್ಬೇಕು. ಬೆಟ್ಟನ್ನ ತಳ್ತಾನಲ್ಲ, ಅವನೇ ಕೆಲ್ಸಕ್ ಬಂದೋನು. ಮ್ಯಾಲಕ್ ಬಂದೋರೆಲ್ಲ ಕೆಲ್ಸಕ್ ಬಂದೋರಲ್ಲ ಕಣೇಳಿ.” ಸರ್ಕಾರಿ ನೌಕರಿಯಲ್ಲಿ ಮುಂದೆ ಎಷ್ಟೋ ಮೇಲಧಿಕಾರಿಗಳನ್ನು ಕಂಡಾಗ ಈ ಮಾತು ನೆನಪಿಗೆ ಬಂದಿದೆ.

ಎರಡನೆಯ ಭಾನುವಾರ ಬೆರಳಿಟ್ಟು ಸರಿಯಾದ ಸರದಿಯನ್ನೇ ಹಿಡಿದೆ. ಆದರೆ ಆತುರದಲ್ಲಿ ಕಾಗದವನ್ನು ಜಗ್ಗಿದೆ. ಅರ್ಧ ಚೂರು ನನ್ನ ಕೈಗೆ ಬಂತು, ಅರ್ಧ ಮೊಳೆಗಳ ನಡುವೆಯೇ ಉಳಿಯಿತು. ಆ ಸಣ್ಣ ಸದ್ದೂ ಅವರಿಗೆ ಕೇಳಿಸಿತು. ಈ ಸಲ ನಗಲಿಲ್ಲ. “ಕಾಗ್ದ ಅರೀತು” ಎಂದರು. “ನನ್ ಕಣ್ಣೂ ಇಂಗೇ ಅರೀತೀರಾ?” ಎಂದು ಮೆಲ್ಲಗೆ ಕೇಳಿದರು. ನಾನು ಗಾಡಿಯನ್ನು ಅಲ್ಲೇ ಬಿಟ್ಟು ಬಸ್ಸು ಹತ್ತಿದೆ. ಆ ವಾರವೆಲ್ಲ ಮನೆಯಲ್ಲಿ ಎರಡು ಚಮಚಗಳ ನಡುವೆ ಕಾಗದ ಸಿಕ್ಕಿಸಿ ಎಳೆದು ಅಭ್ಯಾಸ ಮಾಡಿದೆ. ನನ್ನ ಹೆಂಡತಿ ನನಗೆ ಬಿಸಿಲು ತಾಗಿದೆ ಎಂದು ತಲೆಗೆ ಹರಳೆಣ್ಣೆ ಒತ್ತಿದಳು.

ಮೂರನೆಯ ಭಾನುವಾರ ಸಾಬರು ನನ್ನ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ತಮ್ಮ ಬೆರಳುಗಳನ್ನು ನನ್ನ ಬೆರಳಿನ ಮೇಲೆ, ಭಾರವಿಲ್ಲದಂತೆ, ಇಟ್ಟರು. “ಎಳೀಬ್ಯಾಡಿ. ಕೇಳ್ತಾ ಇರಿ, ಅಷ್ಟೆ. ಅದ್ರಷ್ಟಕ್ ಅದೇ ಬುಡ್ತದೆ” ಎಂದರು. ಚಕ್ರ ಕೂದಲೆಳೆಯಷ್ಟು ತಿರುಗಿತು. ಕಾಗದ ಜಾರಿತು. ಇಬ್ಬರೂ ಒಟ್ಟಿಗೆ “ಬಂತು” ಎಂದೆವು. ನಟ್ಟು ಬಿಗಿದು, ಮಳವಳ್ಳಿ ದಾರಿಯ ದಿಣ್ಣೆಯವರೆಗೆ ಓಡಿಸಿ ವಾಪಸು ಬಂದೆ. ಅವರು ಶೆಡ್ಡಿಗೆ ಬೀಗ ಹಾಕಿ, ಕಂಕುಳಲ್ಲಿ ಬಟ್ಟೆಯ ಗಂಟು ಇಟ್ಟುಕೊಂಡು, ಹೆಂಡತಿ ಜೈನಾಬಿಯವರ ಜೊತೆ ರಸ್ತೆಯಲ್ಲಿ ನಿಂತಿದ್ದರು. “ದಿಣ್ಣೆ ಮ್ಯಾಲೂ ಬಡೀನಿಲ್ಲ, ಕೇಳುಸ್ತು. ನಡೀರಿ, ಮನ್ಸು ಬದ್ಲಾಗಾದ್ರೊಳಗೆ” ಎಂದರು.

ಬಲಗಣ್ಣಿನ ಆಪರೇಷನ್ನು ಮಳವಳ್ಳಿ ಆಸ್ಪತ್ರೆಯಲ್ಲಿ ಮಾರನೆಯ ಬೆಳಿಗ್ಗೆ ಮಾಡಿದೆ. ಮದ್ದಿನ ಹನಿ ಹಾಕಿ ಕಣ್ಣು ಮರಗಟ್ಟಿಸಿದ್ದರೂ ಅವರಿಗೆ ಎಚ್ಚರವಿತ್ತು. ಮಾತಾಡಕೂಡದು ಎಂದು ಕಟ್ಟಪ್ಪಣೆ ಮಾಡಿದ್ದೆ. ಪೊರೆ ಹೊರಬರುವ ಹೊತ್ತಿಗೆ ಸರಿಯಾಗಿ ತುಟಿ ಅಲುಗಿಸದೆ, “ಎಳೀಬ್ಯಾಡಿ, ಜಾರ್ಲಿ” ಎಂದರು. ನನ್ನ ಕೈ ಆ ಮಾತು ಕೇಳಿತು. ಪೊರೆ ಜಾರಿ ಬಂತು.

ತಲೆಯ ಎರಡೂ ಕಡೆ ಮರಳಿನ ಚೀಲ ಇಟ್ಟು ಹತ್ತು ದಿನ ಅಲ್ಲಾಡದೆ ಮಲಗಿಸಬೇಕಿತ್ತು. ಮಲಗಿದಲ್ಲಿಂದಲೇ ಅವರು ಆಸ್ಪತ್ರೆಯ ಮುಂದೆ ಹೋಗುವ ವಾಹನಗಳಿಗೆಲ್ಲ ಚಿಕಿತ್ಸೆ ಶುರು ಮಾಡಿದರು. “ಕನಕಪುರದ ಬಸ್ಸಿಗೆ ಕಿಡಿ ಟೈಮು ಇಂದಕ್ಕಾಗ್ಯದೆ, ಡ್ರೈವರ್ಗೆ ಯೋಳ್ಬುಟ್ ಬಾ” ಎಂದು ಪಕ್ಕದ ಹಾಸಿಗೆಯ ರೋಗಿಯ ಮಗನನ್ನು ಓಡಿಸುವರು. ಡ್ರೈವರನೂ ಬಸ್ಸು ನಿಲ್ಲಿಸಿ ಬಂದು ಮದ್ದು ಕೇಳಿಕೊಂಡು ಹೋದ. ಆ ವಾರ ನನ್ನ ಹೊರರೋಗಿಗಳಿಗಿಂತ ಅವರ ರೋಗಿಗಳೇ ಹೆಚ್ಚಾಗಿದ್ದರು.

ಕಟ್ಟು ಬಿಚ್ಚಿ ದಪ್ಪ ಗಾಜಿನ ಕನ್ನಡಕ ಹಿಡಿದಾಗ ಅವರು ಮೊದಲು ನೋಡಿದ್ದು ಹೆಂಡತಿಯನ್ನು. “ಯಾವಾಗಮ್ಮೀ ನಿಂಗೆ ಇಷ್ಟೊಂದ್ ನರೆ ಬಂದಿದ್ದು?” ಎಂದರು. ಜೈನಾಬಿ ಸೆರಗಿನಿಂದ ಕಣ್ಣೊರೆಸಿಕೊಂಡು, “ನೀವು ನೋಡಾದ್ ಬುಟ್ರಲ್ಲ, ಆವಾಗ” ಎಂದರು. ಆಮೇಲೆ ಸಾಬರು ನನ್ನ ಕಡೆ ತಿರುಗಿದರು. ತುಂಬ ಹೊತ್ತು ನೋಡಿದರು. ನನ್ನದು ದಪ್ಪ ದನಿ. ವಯಸ್ಸು ಆಗ ಇಪ್ಪತ್ತೊಂಬತ್ತು, ಮೀಸೆಯೂ ಸರಿಯಾಗಿ ಬಂದಿರಲಿಲ್ಲ.

“ನೀವಾ ಡಾಕ್ಟ್ರು? ಇಷ್ಟ್ ಚಿಕ್ಕೋರಾ? ಮೊದ್ಲೇ ಕಂಡಿದ್ರೆ ಖಂಡಿತ ಕಣ್ಣು ಕೊಡ್ತಿರ್ನಿಲ್ಲ!”

ಶೆಡ್ಡಿಗೆ ಹಿಂತಿರುಗಿದ ದಿನ ಅವರು ತಮ್ಮ ಅಂಗಡಿಯ ಕೊಳಕು ಕಂಡು ಹೌಹಾರಿ, ಮೂರು ದಿನ ತೊಳೆದರಂತೆ. ಗಾಡಿಗಳ ಕಡೆ ನೋಡಿಯೇ ರಿಪೇರಿ ಮಾಡತೊಡಗಿದ್ದರಿಂದ ಹೋಟೆಲಿನವರಿಗೆ ಹೇಳಿಕೊಳ್ಳಲು ಏನೂ ಉಳಿಯಲಿಲ್ಲ. ಟೈಮು ಇಡುವಾಗ ಮಾತ್ರ ಕನ್ನಡಕ ತೆಗೆದು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. “ಕಣ್ಣು ಅಡ್ಡ ಬತ್ತದೆ” ಎನ್ನುವರು.

ಯುದ್ಧ ಮುಗಿಯುವ ಹೊತ್ತಿಗೆ ನನಗೆ ಕೋಲಾರದ ಕಡೆಗೆ ವರ್ಗವಾಯಿತು. ಗಾಡಿಯನ್ನು ಮಾರಿ ಅವರಿಗೆ ಹೇಳಿ ಹೋಗಲು ಬಂದೆ. ಎಡಗಣ್ಣಿನ ಪೊರೆ ಇನ್ನೂ ತೆಗೆಯುವಷ್ಟು ಮಾಗಿರಲಿಲ್ಲ. ಮಾಗಿದ ಮೇಲೆ ಮಂಡ್ಯದಲ್ಲೇ ತೆಗೆಸಿಕೊಳ್ಳಿ, ಒಳ್ಳೆಯ ಡಾಕ್ಟರಿದ್ದಾರೆ ಎಂದೆ. “ಇರ್ಬೌದು. ಅವ್ರ ಕೈ ನಾನ್ ನೋಡಿಲ್ವಲ್ಲ. ಇದು ನಿಮ್ದೇ, ನಿಮ್ಗೇ ಮಡಗಿರ್ತೀನಿ” ಎಂದರು. ಇಬ್ಬರೂ ನಕ್ಕೆವು. ಮಾಗಿದೊಡನೆ ಕಾಗದ ಬರೆಸಿ, ರಜೆ ಹಾಕಿ ಬಂದೇ ಬರುತ್ತೇನೆ ಎಂದು ಅವರ ಕೈ ಹಿಡಿದು ಮಾತು ಕೊಟ್ಟೆ.

ಮರುವರ್ಷ ಕಾಗದ ಬಂತು. ಯಾರ ಕೈಯಲ್ಲೋ ಬರೆಸಿದ್ದು: ‘ಎಡಗಣ್ಣು ಮಾಗಿದೆ. ಬಲಗಣ್ಣು ಕ್ಷೇಮ. ತಾವು ಎಂದು ಬರುತ್ತೀರಿ?’ ಮುಂದಿನ ರಜೆಗೆ ಎಂದು ಉತ್ತರ ಬರೆದೆ. ನಮ್ಮ ಮನೆ ಮೈಸೂರಿನಲ್ಲಿ. ಎರಡು ಸಲ ರಜೆ ಸಿಕ್ಕಿತು, ಎರಡು ಸಲವೂ ರೈಲಿನಲ್ಲಿ ಮದ್ದೂರಿನ ಮೇಲೆಯೇ ಹೋದೆ. ಜೊತೆಗೆ ಮಕ್ಕಳು, ಪೆಟ್ಟಿಗೆಗಳು, ಮೈಸೂರಿನಲ್ಲಿ ಮದುವೆ. ಬರುವಾಗ ಇಳಿದರಾಯಿತು ಅಂದುಕೊಂಡೆ. ಬರುವಾಗ ರಜೆ ಮುಗಿದಿತ್ತು. ಕಿಟಕಿಯಿಂದ ಕೈ ಚಾಚಿ ವಡೆ ಕೊಂಡು ತಿಂದೆ, ರೈಲು ಹೊರಟಿತು.

ಸ್ವಾತಂತ್ರ್ಯ ಬಂದ ವರ್ಷ, ಬೇಸಗೆಯಲ್ಲಿ, ಕೊನೆಗೂ ಸಲಕರಣೆಯ ಪೆಟ್ಟಿಗೆಯೊಂದಿಗೆ ಒಬ್ಬನೇ ಮದ್ದೂರಿನಲ್ಲಿ ಇಳಿದೆ. ಶೆಡ್ಡಿನಲ್ಲಿ ಯಾರೋ ಸೈಕಲ್ ಬಾಡಿಗೆಗೆ ಕೊಡುತ್ತಿದ್ದರು. ಸಾಬರನ್ನು ಹುಡುಕಿಕೊಂಡು ಮನೆಗೆ ಹೋದೆ, ಜೈನಾಬಿಯವರು ಒಬ್ಬರೇ ಇದ್ದರು. ಚಳಿಗಾಲದಲ್ಲಿ ಸಾಬರು ಎದೆನೋವು ಬಂದು ಎರಡೇ ದಿನಕ್ಕೆ ಹೋಗಿಬಿಟ್ಟರಂತೆ.

“ಮಂಡ್ಯದ ಡಾಕ್ಟ್ರು ಬನ್ನಿ ತಗೀತೀನಿ ಅಂತ ಯೋಳ್ಕಳ್ಸಿದ್ರು ಕಣಪ್ಪ. ಇವ್ರು ಒಪ್ನಿಲ್ಲ. ಅದು ನಮ್ ಡಾಕ್ಟ್ರ ಕಣ್ಣು, ಇನ್ನೊಬ್ರು ಮುಟ್ಟಂಗಿಲ್ಲ, ಅವ್ರು ಬತ್ತಾರೆ ಅಂದ್ರು. ಪಾಪ, ನಿಮ್ಗೆ ರಜಾನೇ ಸಿಕ್ಕಿಲ್ಲ ಅಂತ ಮರುಗ್ತಿದ್ರು” ಎಂದು ಹೇಳಿ, ಚಾಪೆ ಹಾಸಿ, ನನಗೆ ಕಾಫಿ ಕಾಯಿಸಲು ಎದ್ದರು.

ನಾನು, “ಹೌದಮ್ಮ, ಸಿಗಲಿಲ್ಲ” ಎಂದೆ.