ತೊಡೆಯ ಮೇಲಿನ ಬಣ್ಣದ ಪೆಟ್ಟಿಗೆ

ನಾಟಕ ಕಂಪನಿಯಲ್ಲಿ ಆಕೆಯನ್ನು ಹೆಸರು ಹಿಡಿದು ಕರೆದವರಿಲ್ಲ. ಮ್ಯಾನೇಜರಿಂದ ಹಿಡಿದು ಪರದೆ ಎಳೆಯುವವನವರೆಗೆ ಎಲ್ಲರಿಗೂ ಆಕೆ ಬಣ್ಣದಕ್ಕ. ರಾಜನ ಪಾತ್ರ ಮಾಡುವ ಮೈದುನನಿಗೆ ಮಾತ್ರ ಅತ್ತಿಗೆ.

ಸೊಸೆಯಾಗಿ ಬಂದ ಹೊಸತರಲ್ಲಿ ಆಗ ಕಂಪನಿಯ ಮುಖಗಳಿಗೆ ಬಣ್ಣ ಬರೆಯುತ್ತಿದ್ದ ಮಾವನ ಪಕ್ಕ ಕೂತು ಸಫೇದದ ಬಿಳಿ ಪುಡಿಯನ್ನು ಎಣ್ಣೆಯಲ್ಲಿ ಅರೆಯುವುದಷ್ಟೇ ಆಕೆಯ ಕೆಲಸವಾಗಿತ್ತು. ಮಾವನ ಕಣ್ಣು ಮಂಜಾಗಿ, ರಾಣಿಯ ಹುಬ್ಬು ಒಂದು ಮೇಲೆ ಒಂದು ಕೆಳಗೆ ಆಗತೊಡಗಿದ ಮೇಲೆ ಕುಂಚ ಆಕೆಯ ಕೈಗೆ ಬಂತು. ಕೊಡುವಾಗ ಅವರು ಹೇಳಿದ್ದರು: "ಪೆಟ್ಟಿಗೆ ಕೈ ಬಿಡಬೇಡಮ್ಮ. ನಿನ್ನ ಕೆನ್ನೆಗೆ ಹಚ್ಚಿ ನೋಡದ್ದನ್ನ ಇನ್ನೊಬ್ಬರ ಕೆನ್ನೆಗೆ ಹಚ್ಚಬೇಡ."

ಎರಡನ್ನೂ ಆಕೆ ಚಾಚೂ ತಪ್ಪದೆ ಪಾಲಿಸಿದಳು. ಬಸ್ಸಿರಲಿ ರೈಲಿರಲಿ, ಪೆಟ್ಟಿಗೆ ತೊಡೆಯ ಮೇಲೆ. ಹೊಸ ಬಣ್ಣದ ಡಬ್ಬಿ ಬಂದರೆ ಮೊದಲು ಆಕೆಯ ಕೆನ್ನೆಗೆ, ಅದೂ ಮರುದಿನದವರೆಗೆ. ಅಂಥ ದಿನಗಳಲ್ಲಿ ತರಕಾರಿ ತರಲು ಹೋದರೆ ಅಂಗಡಿಯವನು, "ಅಕ್ಕಾ, ಇವತ್ತು ಅರ್ಧ ರಾಕ್ಷಸಿಯಾ?" ಎಂದು ಕೇಳುವುದಿತ್ತು. "ಪೂರ್ತಿ ನೋಡಬೇಕಂದ್ರೆ ತೂಕ ಕಡಿಮೆ ಹಾಕು" ಎನ್ನುತ್ತಿದ್ದಳು. ಆದರೆ ಆಕೆಯ ಕೈಯಲ್ಲಿ ಬಣ್ಣ ಹಚ್ಚಿಸಿಕೊಂಡ ಯಾವ ನಟನಿಗೂ ಮೈಯಲ್ಲಿ ಒಂದು ಗುಳ್ಳೆ ಎದ್ದಿರಲಿಲ್ಲ.

ಕಂಪನಿಗೆ ಪರದೇಶದಿಂದ ಕರೆ ಬಂತು. ಮೂರು ಊರು, ಮೂರು ಪ್ರದರ್ಶನ. ವಿಮಾನ ನಿಲ್ದಾಣದಲ್ಲಿ ಮ್ಯಾನೇಜರು ಪೆಟ್ಟಿಗೆಯನ್ನು ದೊಡ್ಡ ಲಗೇಜಿನ ಜೊತೆ ಹಾಕಲು ಹೇಳಿದರು.

"ವಿಮಾನದ ಹೊಟ್ಟೆಗೆ ತುಂಬೋಕೆ ಇದೇನು ಮೂಟೆನಾ? ನನ್ನ ಹತ್ರಾನೇ ಇರುತ್ತೆ" ಎಂದು ಬಣ್ಣದಕ್ಕ ಪೆಟ್ಟಿಗೆಯನ್ನು ಅಪ್ಪಿಕೊಂಡಳು.

ತಪಾಸಣೆಯವನು ಪೆಟ್ಟಿಗೆ ಬಿಚ್ಚಿಸಿದ. ಎಣ್ಣೆ ಸೀಸೆ ಹೋಯಿತು, ಕೋಲ್ಡ್ ಕ್ರೀಮು ಹೋಯಿತು. ಬಣ್ಣದ ಡಬ್ಬಿಗಳಿಗೆ ಕೈ ಹಾಕಿದಾಗ ಆಕೆ, "ಇದು ನೀರಲ್ಲಪ್ಪಾ, ಗಟ್ಟಿ ಪದಾರ್ಥ" ಎಂದು ವಾದಿಸಿದಳು. ಅವನು ಡಬ್ಬಿಯೊಳಗೆ ಬೆರಳು ಒತ್ತಿದ. ಬೆರಳಿನ ಗುಳಿ ಬಿತ್ತು. ಒತ್ತಿದರೆ ಗುಳಿ ಬೀಳುವುದೆಲ್ಲ ಅವರ ಲೆಕ್ಕದಲ್ಲಿ ದ್ರವವೇ. ಬಣ್ಣಗಳೂ ಹೋದವು, ಕತ್ತರಿಯೂ ಹೋಯಿತು. ಕುಂಚಗಳು, ಕನ್ನಡಿ, ಹಳೆಯ ಟವೆಲು ಉಳಿದವು. ಹಗುರಾದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಆಕೆ ದಾರಿಯುದ್ದಕ್ಕೂ ಕೂತಳು.

ಹೋಟೆಲು ಸೇರಿದ್ದೇ ಮ್ಯಾನೇಜರು ಬಾಯಿಬಿಟ್ಟರು. "ಹೇಳಿದ್ನೋ ಇಲ್ವೋ? ನಾಟಕದ ಬಣ್ಣ ಮಾರೋ ಅಂಗಡಿ ಈ ಊರಲ್ಲೇ ಇಲ್ವಂತೆ, ಕೇಳಾಯ್ತು. ನಾಳೆ ಸಂಜೆ ಶೋ. ಬ್ಯೂಟಿ ಪಾರ್ಲರಿನವರನ್ನ ಕರೆಸ್ತೀನಿ, ಉಳಿದೆರಡು ಊರಿಗೂ ಅವರೇ ಬರ್ತಾರೆ. ನಿಮಗೆ ವಾಪಸ್ ಟಿಕೆಟ್ ಮಾಡಿಸ್ತೀನಿ. ಬೇಜಾರು ಮಾಡ್ಕೋಬೇಡಿ."

ವಾಪಸ್ ಎಂದರೆ ಈ ಪ್ರವಾಸದಿಂದ ಮಾತ್ರವಲ್ಲ ಎಂದು ಆಕೆಗೆ ಹೊಳೆಯಿತು. ಒಮ್ಮೆ ಬಣ್ಣದವರಿಲ್ಲದೆ ನಡೆದರೆ ಆಮೇಲೆ ಬಣ್ಣದವರೇ ಬೇಡವಾಗುತ್ತಾರೆ.

"ಪಾರ್ಲರಿನವರ ಬಣ್ಣ ಹತ್ತಿರದಿಂದ ನೋಡೋಕೆ ಚಂದ, ಮ್ಯಾನೇಜರ್ರೇ. ಕೊನೇ ಸಾಲಲ್ಲಿ ಕೂತವನಿಗೆ ರಾಜ ಕಾಣ್ಬೇಕಲ್ವಾ?"

"ಕೈಲಿ ಬಣ್ಣ ಇಲ್ದೆ ನೀವು ಮಾತ್ರ ಏನ್ ಮಾಡ್ತೀರಿ? ಮಾತಲ್ಲೇ ಮುಖ ಬರೀತೀರಾ?"

"ನಾಳೆ ಮಧ್ಯಾಹ್ನದವರೆಗೆ ಬಿಡಿ. ರಾಜನ ಮುಖ ಮಾಡಿ ತೋರಿಸ್ತೀನಿ. ಒಪ್ಪಿಗೆ ಆಗದಿದ್ರೆ ನಾನೇ ಟಿಕೆಟ್ ಕೇಳ್ತೀನಿ."

ಹೋಟೆಲಿನ ಪಕ್ಕದಲ್ಲೇ ಸೋಪು, ಬ್ರಷ್ಷು, ಮಕ್ಕಳ ಸಾಮಾನು ಮಾರುವ ದೊಡ್ಡ ಅಂಗಡಿಯಿತ್ತು. ಆಕೆ ಮೈದುನನನ್ನು ಎಳೆದುಕೊಂಡು ಹೋದಳು. ಒಳಗೆ ಹೊಕ್ಕರೆ ಗೋಡೆಯಿಂದ ಗೋಡೆಗೆ ಬಾಟಲಿಗಳ ಸಾಲು. ಒಂದರ ಮೇಲಿನ ಬರಹವೂ ತಿಳಿಯದು.

"ಅತ್ತಿಗೆ, ಇದ್ರಲ್ಲಿ ಯಾವುದು ತಲೆಗೆ, ಯಾವುದು ಪಾತ್ರೆಗೆ ಅಂತಾನೇ ಗೊತ್ತಾಗಲ್ಲ."

"ಓದೋಕೆ ಬರದಿದ್ರೆ ಏನಾಯ್ತು, ಮೂಗಿಲ್ವಾ?"

ನೋಡಲೆಂದು ತೆರೆದಿಟ್ಟ ಬಾಟಲಿಗಳನ್ನು ಒಂದೊಂದಾಗಿ ಮೂಸಿದಳು. ಮಕ್ಕಳ ಪೌಡರು ಸಿಕ್ಕಿತು, ಮಕ್ಕಳ ಎಣ್ಣೆ ಸಿಕ್ಕಿತು. ಕಣ್ಣಿಗೆ ಬರೆಯುವ ಕಪ್ಪು ಪೆನ್ಸಿಲ್ಲು, ಕೆಂಪು ಲಿಪ್‌ಸ್ಟಿಕ್ಕು ಬುಟ್ಟಿಗೆ ಬಿದ್ದವು. ಕಂದು ಬಣ್ಣಕ್ಕೆ ತಿನಿಸಿನ ಕಪಾಟಿನಿಂದ ಕೋಕೋ ಪುಡಿ ತಂದಳು. ದಪ್ಪನೆಯ ಬಿಳಿ ಕ್ರೀಮಿನ ಡಬ್ಬಿಯೊಂದನ್ನು ಕಂಡು ಮುಖ ಅರಳಿತು, ಅದನ್ನೂ ಹಾಕಿಕೊಂಡಳು. ಆದರೂ ಮನಸ್ಸಿಗೆ ಸಮಾಧಾನವಿಲ್ಲ. ಆಕೆಗೆ ಬೇಕಾದದ್ದು ಸಫೇದ, ಅಂದರೆ ಸತುವಿನ ಬಿಳಿ ಪುಡಿ. ಹಸುಗೂಸಿನ ಕುಂಡೆ ಕೆಂಪಾದಾಗ ಹಚ್ಚುವ ಮುಲಾಮಿನಲ್ಲಿ ಅದೇ ಇರುತ್ತದೆಂದು ಮಕ್ಕಳನ್ನು ಸಾಕಿದ ಆಕೆಗೆ ಗೊತ್ತಿತ್ತು.

ಅಂಗಡಿಯ ಹೆಂಗಸನ್ನು ಕರೆದಳು. ಎರಡೂ ಕೈ ಜೋಡಿಸಿ ಮಗುವನ್ನು ತೂಗಿದಳು. ಆ ಹೆಂಗಸು ಹಾಲಿನ ಬಾಟಲಿ ತಂದಳು. ಬಣ್ಣದಕ್ಕ ತಲೆಯಾಡಿಸಿ, ಇಲ್ಲದ ಮಗುವನ್ನು ಬೋರಲು ಹಾಕಿ, ಕುಂಡೆ ತಟ್ಟಿ ತೋರಿಸಿದಳು. ಈ ಸಲ ಡೈಪರ್ ಬಂತು. ಆಕೆ ಸುಮ್ಮನಾಗಲಿಲ್ಲ. ತನ್ನ ಅಂಗೈಗೆ ಲಿಪ್‌ಸ್ಟಿಕ್ಕು ಗೀಚಿ ಕೆಂಪು ಮಾಡಿ, ಅದನ್ನು ಮಗುವಿನ ಕುಂಡೆಯ ಜಾಗದಲ್ಲಿ ಹಿಡಿದು, ಎಳೆಗೂಸಿನ ಹಾಗೆ ಅತ್ತೇಬಿಟ್ಟಳು. ಅಂಗಡಿಯವರೆಲ್ಲ ತಿರುಗಿ ನೋಡಿದರು. ಮೈದುನ ಶಾಂಪೂ ಸಾಲಿನ ಹಿಂದೆ ಅವಿತುಕೊಂಡ.

ಆ ಹೆಂಗಸು ಗಟ್ಟಿಯಾಗಿ ನಕ್ಕು, ಓಡಿಹೋಗಿ ಒಂದು ಟ್ಯೂಬು ತಂದಳು. ಮೈದುನನನ್ನು ಕರೆದು ಓದಿಸಿದರೆ, ಅವನು ಅಕ್ಷರ ಕೂಡಿಸಿಕೊಂಡು, "ಜಿಂಕ್ ಅಂತ ಏನೋ ಇದೆ" ಎಂದ. ಜಿಂಕ್ ಎಂದರೆ ಸತುವೇ. ಆಕೆ ಹತ್ತು ಟ್ಯೂಬು ಬೇಕೆಂದು ಎರಡೂ ಕೈಬೆರಳು ಬಿಡಿಸಿದಳು.

"ಅತ್ತಿಗೆ, ಮಗುವಿನ ಕುಂಡೆಗೆ ಹಚ್ಚೋದನ್ನ ನನ್ನ ಮುಖಕ್ಕಾ? ರಾಜನ ಮುಖ ಕಣ್ರೀ ಇದು!"

"ಮುದ್ದಿನ ಮೈದುನ ಅಂತ ಹಚ್ತಿದ್ದೀನಿ. ಬೇರೆಯವರಿಗಾದ್ರೆ ಪಾತ್ರೆ ಸೋಪು."

ರೂಮಿಗೆ ಬಂದವಳೇ ಎಡಗೆನ್ನೆಗೆ ಡಬ್ಬಿಯ ಬಿಳಿ ಕ್ರೀಮು, ಬಲಗೆನ್ನೆಗೆ ಟ್ಯೂಬಿನ ಮುಲಾಮು ಹಚ್ಚಿಕೊಂಡಳು. ಮರುದಿನ ಬೆಳಿಗ್ಗೆ ತಿಂಡಿಗೆ ಇಳಿದಾಗ ಎಡಗೆನ್ನೆ ಕೆಂಪಗೆ ಉಬ್ಬಿತ್ತು.

ಮ್ಯಾನೇಜರು ಗಾಬರಿಯಾದರು. "ಯಾರು ಹೊಡೆದ್ರು ನಿಮಗೆ?"

"ಯಾರೂ ಇಲ್ಲ. ಈ ಕೆನ್ನೆಗೆ ಹಚ್ಚಿದ ಕ್ರೀಮು ಒಡೆದ ಹಿಮ್ಮಡಿಗಂತೆ, ಹೋಟೆಲಿನ ಹುಡುಗಿ ಡಬ್ಬಿ ಓದಿ ತನ್ನ ಹಿಮ್ಮಡಿ ಮುಟ್ಟಿ ತೋರಿಸಿದ್ಲು. ಬಲಗೆನ್ನೆ ನೋಡಿ, ಬೆಣ್ಣೆ ಥರ ಇದೆ."

"ಇದನ್ನೇನಾದ್ರೂ ರಾಜನಿಗೆ ಹಚ್ಚಿದ್ರೆ?"

"ಹಚ್ಚಲಿಲ್ವಲ್ಲ" ಎಂದಳು. ಮಾವ ನೆನಪಾದರು.

ಮಧ್ಯಾಹ್ನ ಮೈದುನನನ್ನು ಕನ್ನಡಿಯ ಮುಂದೆ ಕೂರಿಸಿದಳು. ಒದ್ದೆ ಸೋಪು ತಿಕ್ಕಿ ಅವನ ಹುಬ್ಬಿನ ಕೂದಲನ್ನು ಚರ್ಮಕ್ಕೆ ಅಂಟಿಸಿದಳು. ಮುಲಾಮಿಗೆ ಲಿಪ್‌ಸ್ಟಿಕ್ಕಿನ ಚೂರು, ಚಿಟಿಕೆ ಕೋಕೋ, ಒಂದು ಹನಿ ಎಣ್ಣೆ ಹಾಕಿ ತಟ್ಟೆಯಲ್ಲಿ ಅರೆದಳು. ಬಿಳಿ ಹೋಗಿ ಮೈಬಣ್ಣ ಬಂತು, ಅದಕ್ಕೆ ಇನ್ನಷ್ಟು ಕೆಂಪು ಸೇರಿ ಅರಮನೆಯ ಕಳೆ ಬಂತು. ಹಳೆಯ ಹುಬ್ಬಿನ ಮೇಲೆ ಬಿಲ್ಲಿನಂಥ ಹೊಸ ಹುಬ್ಬು, ಅದರ ಕೆಳಗೆ ಕಿವಿಯತ್ತ ಎಳೆದ ಕಣ್ಣು, ತುಟಿಯ ಮೇಲೆ ಹುರಿ ಮೀಸೆ. ಪೌಡರು ತಟ್ಟಿ, ಅಂಗೈಯಲ್ಲಿ ನೀರು ತೆಗೆದುಕೊಂಡು ಅವನ ಮುಖಕ್ಕೆ ಎರಚಿದಳು. ಹನಿಗಳು ತಾವರೆ ಎಲೆಯ ಮೇಲಿನಂತೆ ಉರುಳಿಹೋದವು. ಬಣ್ಣ ಒಂದಿಷ್ಟೂ ಕದಲಲಿಲ್ಲ.

"ನನಗೆ ಘಮ ಘಮ ಹಸುಗೂಸಿನ ವಾಸನೆ" ಎಂದ ರಾಜ.

ಮ್ಯಾನೇಜರು ಮಾತ್ರ ಸುಲಭಕ್ಕೆ ಒಪ್ಪುವವರಲ್ಲ. "ರೂಮಲ್ಲಿ ಸರಿ. ದೀಪದ ಕಾವಿಗೆ, ಬೆವರಿಗೆ ನಿಲ್ಬೇಕಲ್ಲ. ಸಂಜೆ ನೋಡಿ ಟಿಕೆಟ್ ವಿಚಾರ ಹೇಳ್ತೀನಿ" ಎಂದರು.

ಸಂಜೆ ಸಭಾಂಗಣ ತುಂಬಿತ್ತು. ಮ್ಯಾನೇಜರು ಕೊನೇ ಸಾಲಿನ ಹಿಂದೆ ಗೋಡೆಗೊರಗಿ ನಿಂತರು. ಉಳಿದವರ ಮುಖಗಳನ್ನೂ ಅದೇ ಮುಲಾಮಿನಲ್ಲಿ ಬರೆದು ಮುಗಿಸಿ ಬಣ್ಣದಕ್ಕ ಪರದೆಯ ಅಂಚಿನಲ್ಲಿ ಟವೆಲು ಹಿಡಿದು ನಿಂತಳು. ಯುದ್ಧದಲ್ಲಿ ರಾಜ ಕುಣಿದು ಬೆವರಿದ. ಬೆವರು ಹರಳಾಗಿ ನಿಂತಿತೇ ಹೊರತು ಬಣ್ಣವನ್ನು ಎಳೆಯಲಿಲ್ಲ. ಕೊನೆಗೆ ಸತ್ತ ಮಗನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಅಳುವ ದೃಶ್ಯ. ಮೈದುನ ನಿಜವಾಗಿಯೇ ಅಳುವ ನಟ. ಆಕೆ ಒರೆಸಲು ಟವೆಲು ಬಿಡಿಸಿ ಹಿಡಿದಳು. ಒಂದು ಕಣ್ಣೀರು ಕೆನ್ನೆಯ ಮೇಲಿಂದ ಗಲ್ಲದವರೆಗೆ ದೀಪಕ್ಕೆ ಹೊಳೆಯುತ್ತ ಇಳಿಯಿತು. ಹಿಂದೆ ಗೆರೆ ಉಳಿಯಲಿಲ್ಲ. ಭಾಷೆ ತಿಳಿಯದ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಟವೆಲು ಆಕೆಯ ಕೈಯಲ್ಲಿ ಒಣಗಿದಂತೆಯೇ ಇತ್ತು.

ಮ್ಯಾನೇಜರು ಬಣ್ಣದ ಕೋಣೆಗೆ ಬಂದಾಗ ಆಕೆ ಮಕ್ಕಳ ಎಣ್ಣೆಯಿಂದ ರಾಜನ ಮುಖ ಒರೆಸುತ್ತಿದ್ದಳು.

"ಮುಂದಿನ ಊರಿನ ಹೋಟೆಲಿಗೆ ಫೋನ್ ಮಾಡಿದ್ದೆ" ಎಂದರು.

ಆಕೆಯ ಕೈ ನಿಂತಿತು. "ಪಾರ್ಲರಿನವರು ಸಿಕ್ಕಿದ್ರಾ?"

"ಪಾರ್ಲರ್ ಯಾರಿಗ್ ಬೇಕ್ರೀ? ಹತ್ರದಲ್ಲಿ ಸೋಪಿನಂಗಡಿ ಇದೆಯಾ ಅಂತ ಕೇಳ್ದೆ. ಎರಡಿವೆಯಂತೆ." ಆಮೇಲೆ ದನಿ ತಗ್ಗಿಸಿ, "ಕೊನೇ ಸಾಲಿಂದ ಹುಬ್ಬು ಕೂಡ ಕಾಣ್ತಿತ್ತು, ಅಕ್ಕಾ" ಎಂದರು.

ಮುಂದಿನ ಊರಿನ ವಿಮಾನಕ್ಕೆ ಬಣ್ಣದಕ್ಕ ಪೆಟ್ಟಿಗೆಯನ್ನು ಅಪ್ಪಿಕೊಂಡೇ ಹೊರಟಳು. ತಪಾಸಣೆಯವನು ಬಿಚ್ಚಿಸಿದ. ಕುಂಚಗಳು, ಕನ್ನಡಿ, ಒಗೆದು ಮಡಿಸಿದ ಟವೆಲು. ಮತ್ತೆ ಮತ್ತೆ ತಡಕಿದ, ಒತ್ತಿ ನೋಡಲು ಏನೂ ಸಿಗಲಿಲ್ಲ. ಆಕೆ ರಾಣಿಯಂತೆ ಕತ್ತೆತ್ತಿ ದಾಟಿದಳು. ಉಳಿದ ಟ್ಯೂಬುಗಳೆಲ್ಲ ದೊಡ್ಡ ಲಗೇಜಿನಲ್ಲಿ, ಮ್ಯಾನೇಜರ ಇಸ್ತ್ರಿ ಮಾಡಿದ ಶರ್ಟುಗಳ ನಡುವೆ ಬೆಚ್ಚಗೆ ಮಲಗಿದ್ದವು. ಹಾಗೆ ಇಡಲು ಹೇಳಿದವರೂ ಮ್ಯಾನೇಜರೇ.